ಹಾರರ್ ಧಾರಾವಾಹಿ ಬಗ್ಗೆ ಬರೆಯುವ ಮೊದಲು: ನಿಮ್ಮ ಮನೆ ಟಿವಿ ಎಲ್ಲಿದೆ?

ಶಿಡ್ಲಘಟ್ಟದ ಲೇಖಕಿಗೆ,

ನಮಸ್ಕಾರ. ನಿಮ್ಮ ‘ಭಯದ ವ್ಯಾಕರಣ’ ಲೇಖನ ಓದಿದೆ. ಟಿವಿಯ ಹಾರರ್ ಕಥೆಗಳಲ್ಲಿ ಕ್ಯಾಮೆರಾ, ಸದ್ದು, ಬೆಳಕು ಮೂರೂ ಸೇರಿ ನೋಡುವವರು ಉಸಿರು ಬಿಗಿಹಿಡಿದು ಕೂರುವಂತೆ ಹೇಗೆ ಮಾಡುತ್ತವೆ ಅನ್ನುವುದು ನಿಮ್ಮ ವಿಷಯ. ಒಳ್ಳೆಯ ವಿಷಯ. ಕನ್ನಡದಲ್ಲಿ ಇದರ ಬಗ್ಗೆ ಬರೆದವರು ಕಡಿಮೆ. ಆದರೆ ಈಗಿರುವ ಹಾಗೇ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಕಾರಣಗಳನ್ನು ನೇರವಾಗಿ ಹೇಳುತ್ತೇನೆ. ಹೆಸರು ಬಿಟ್ಟು ಈ ಉತ್ತರವನ್ನು ಪ್ರಕಟಿಸಲು ನೀವು ಒಪ್ಪಿದ್ದೀರಿ, ಹಾಗಾಗಿ ಬೇರೆಯವರಿಗೂ ಉಪಯೋಗವಾಗಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಖಾರ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಸಾಲನ್ನು ಹೊಡೆದುಹಾಕಿ. ‘ಭಯ ಎಂಬುದು ಮಾನವನ ಆದಿಮ ಭಾವನೆ.’ ತುಮಕೂರಿನ ನಮ್ಮ ಆಫೀಸಿಗೆ ಭೂತ, ದೆವ್ವ, ಹಾರರ್ ಅಂತ ಏನೇ ಬಂದರೂ ಈ ಸಾಲು ಜೊತೆಗೇ ಬರುತ್ತದೆ. ಎರಡನೇ ಪ್ಯಾರಾದಲ್ಲಿ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ ಮೇಜಿನ ಕೆಳಗಿನ ಬಾಂಬಿನ ಮಾತು ಇದೆ: ಬಾಂಬ್ ಇರುವುದು ಪಾತ್ರಗಳಿಗೆ ಗೊತ್ತಿಲ್ಲದೆ ನೋಡುವವರಿಗೆ ಮಾತ್ರ ಗೊತ್ತಿದ್ದರೆ ಉದ್ವೇಗ ಹುಟ್ಟುತ್ತದೆ ಅಂತ. ಅದೂ ಹೋಗಲಿ. ಮಾತು ತಪ್ಪು ಅಂತಲ್ಲ, ಈ ವಿಷಯದ ಬಗ್ಗೆ ಓದುವವರಿಗೆ ಅದು ಬಾಯಿಪಾಠವಾಗಿದೆ. ನೀವು ಹೇಳಬೇಕಾದ್ದು ಅದರ ಆಚೆ ಇದೆ.

ನನ್ನ ದೊಡ್ಡ ತಕರಾರು ಬೇರೆಯೇ. ಶೀರ್ಷಿಕೆಯ ಕೆಳಗೆ ‘ಕಿರುತೆರೆ’ ಅಂತ ಬರೆದಿದ್ದೀರಿ. ಒಳಗಿರುವುದೆಲ್ಲ ಸಿನಿಮಾ. ಥಿಯೇಟರಿನಲ್ಲಿ ದುಡ್ಡು ಕೊಟ್ಟು ಕತ್ತಲಲ್ಲಿ ಕೂತವನಿಗೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಪರದೆ ಗೋಡೆಯಷ್ಟಿರುತ್ತದೆ, ಸ್ಪೀಕರ್ ಸುತ್ತಲೂ ಇರುತ್ತವೆ. ಟಿವಿ ಇರುವುದು ಹಾಲ್‌ನಲ್ಲಿ. ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಕುಕ್ಕರ್ ಕೂಗುತ್ತದೆ. ಮಗು ಹೋಂವರ್ಕ್ ಮಾಡುತ್ತಾ ಅಲ್ಲೇ ಬಿದ್ದಿರುತ್ತದೆ. ಕೈಯಲ್ಲಿ ರಿಮೋಟ್ ಬೇರೆ. ಇಷ್ಟರ ನಡುವೆ ಹೆದರಿಸಬೇಕು. ಹಾಗಾಗಿ ನೀವು ಪಟ್ಟಿ ಮಾಡಿರುವ ಪ್ರತಿ ತಂತ್ರಕ್ಕೂ ಒಂದೇ ಪ್ರಶ್ನೆ ಹಾಕಿ: ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲಿ ಇದು ಕೆಲಸ ಮಾಡುತ್ತದಾ? ಅರ್ಧದಷ್ಟು ಅಲ್ಲೇ ಉದುರಿಹೋಗುತ್ತವೆ. ಉಳಿದಿದ್ದೇ ನಿಮ್ಮ ಲೇಖನ.

ಸದ್ದಿನಿಂದ ಶುರು ಮಾಡುತ್ತೇನೆ. ಅಲ್ಲಿ ಒಂದು ದೊಡ್ಡ ತಪ್ಪಿದೆ, ಇಡೀ ಲೇಖನದ ಅತ್ಯಂತ ಒಳ್ಳೆಯ ಸಾಲೂ ಅಲ್ಲೇ ಇದೆ.

ತಪ್ಪು ಇದು. ‘ಹಾರರ್ ಧಾರಾವಾಹಿಗಳಲ್ಲಿ ಕಿವಿಗೆ ಕೇಳಿಸದ 19 ಹರ್ಟ್ಸ್ ಶಬ್ದವನ್ನು ಸೇರಿಸಿ ಪ್ರೇಕ್ಷಕರಲ್ಲಿ ಆತಂಕ ಹುಟ್ಟಿಸುತ್ತಾರೆ’ ಅಂತ ಬರೆದಿದ್ದೀರಿ. ಈ 19, ಅಂದರೆ ಸೆಕೆಂಡಿಗೆ 19 ಸಲದ ಕಂಪನ, ಎಲ್ಲಿಂದ ಬಂತು ಗೊತ್ತಾ? ಇಂಗ್ಲೆಂಡಿನ ಕೋವೆಂಟ್ರಿಯ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ 1998ರಲ್ಲಿ ಒಂದು ಪ್ರಬಂಧ ಬರೆದರು. ತಾವು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ದೆವ್ವವಿದೆ ಎಂಬ ಮಾತಿತ್ತು, ಅವರಿಗೂ ಕಣ್ಣಂಚಿನಲ್ಲಿ ಏನೋ ಬೂದು ಆಕೃತಿ ಕಂಡಿತ್ತು. ಹುಡುಕಿದರೆ ಗಾಳಿ ಹೊರಹಾಕುವ ಒಂದು ಫ್ಯಾನ್ ಸುಮಾರು 19 ಹರ್ಟ್ಸ್‌ನಲ್ಲಿ ಕೋಣೆಯ ಗಾಳಿಯನ್ನೇ ಅಲುಗಿಸುತ್ತಿತ್ತು. ಕಥೆ ಸೊಗಸಾಗಿದೆ. ಆದರೆ ಅದು ಲ್ಯಾಬಿನ ಫ್ಯಾನ್. ನಮ್ಮ ಮನೆಯ ತೆಳ್ಳನೆ ಟಿವಿಯ ಸ್ಪೀಕರ್ ಬೆರಳಷ್ಟು ಇರುತ್ತದೆ. 100 ಹರ್ಟ್ಸ್‌ನ ಕೆಳಗೆ ಹೋದರೇ ಅದಕ್ಕೆ ಏದುಸಿರು. 19 ಅಂತೂ ಕನಸು. ಈ ವಾಕ್ಯ ತೆಗೆಯಿರಿ.

ಅದರ ಜಾಗದಲ್ಲಿ ನಿಜವಾಗಿ ಏನು ಮಾಡುತ್ತಾರೆ ಅಂತ ಬರೆಯಿರಿ, ಅದು ಇನ್ನೂ ಚೆನ್ನಾಗಿದೆ. ಟಿವಿಗೆ ಸೌಂಡ್ ಮಿಕ್ಸ್ ಮಾಡುವವರು ತಗ್ಗು ಸ್ವರದ ಗುಡುಗಿನಂಥ ಸದ್ದಿನ ಮೇಲೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಸ್ವರಗಳನ್ನು ಸೇರಿಸುತ್ತಾರೆ. ಪುಟ್ಟ ಸ್ಪೀಕರ್ ಆ ಮೇಲಿನವನ್ನು ಮಾತ್ರ ನುಡಿಸುತ್ತದೆ. ಕೆಳಗಿನ ಸ್ವರ ಇರುವುದೇ ಇಲ್ಲ, ಆದರೆ ನಮ್ಮ ಮಿದುಳು ಅದನ್ನು ತಾನೇ ತುಂಬಿಕೊಂಡು ‘ಕೇಳಿಸಿಕೊಳ್ಳುತ್ತದೆ’. ಸ್ಪೀಕರಿನಿಂದ ಬಾರದ ಸದ್ದಿಗೆ ನೋಡುಗ ಹೆದರುತ್ತಾನೆ. ಹಾರರ್ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಇನ್ನು ನೀವು ಪೂರ್ತಿ ಮರೆತಿರುವುದು ಅಡುಗೆಮನೆ. ನಮ್ಮಲ್ಲಿ ಟಿವಿಯನ್ನು ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಹುರುಳಿಕಾಯಿ ಸೋಸುತ್ತಾ, ಮುದ್ದೆ ತೊಳಸುತ್ತಾ, ಒಳಗಿನಿಂದಲೇ ಕಥೆ ಹಿಂಬಾಲಿಸುವವರು ಎಷ್ಟೋ ಜನ. ಧಾರಾವಾಹಿಯ ‘ಧಡ್’ ಅನ್ನುವ ಸದ್ದನ್ನು ನೀವು ‘ಅಗ್ಗದ ಗಿಮಿಕ್’ ಅಂದಿದ್ದೀರಿ. ಅಗ್ಗವೇ ಇರಬಹುದು. ಆದರೆ ಅದು ಅಡುಗೆಮನೆಯಲ್ಲಿರುವವರನ್ನು ಹಾಲ್‌ಗೆ ಕರೆಯುವ ಸದ್ದು. ‘ಈಗ ಬನ್ನಿ, ಏನೋ ಆಗ್ತಿದೆ’ ಅಂತ. 1990ರ ಸುಮಾರಿಗೆ ದೂರದರ್ಶನದಲ್ಲಿ ಬಂದ ಸದಾನಂದ ಸುವರ್ಣರ ‘ಗುಡ್ಡದ ಭೂತ’ವನ್ನು ನೋಡಿದವರನ್ನು ಕೇಳಿ. ಕಥೆ ಅರ್ಧ ಮರೆತಿರುತ್ತದೆ, ಶೀರ್ಷಿಕೆ ಹಾಡು ಮಾತ್ರ ಮರೆತಿರುವುದಿಲ್ಲ. ಕರಾವಳಿಯ ಕಥೆ ಅದು, ನಮ್ಮ ಬಯಲುಸೀಮೆಯ ಮನೆಗಳಲ್ಲೂ ಆ ಹಾಡು ಶುರುವಾದರೆ ಮಕ್ಕಳು ಟಿವಿ ಮುಂದೆ ಬಂದು ಕೂರುತ್ತಿದ್ದರು.

ಹಾಗಾದರೆ ಮೌನ? ಸಿನಿಮಾದಲ್ಲಿ ಪೂರ್ತಿ ಮೌನ ಬಂದರೆ ಥಿಯೇಟರ್ ಉಸಿರು ನಿಲ್ಲಿಸುತ್ತದೆ. ಟಿವಿಯಲ್ಲಿ ಪೂರ್ತಿ ಮೌನ ಬಂದರೆ ‘ಕೇಬಲ್ ಹೋಯ್ತಾ?’ ಅಂತ ರಿಮೋಟ್ ಹುಡುಕುತ್ತಾರೆ. ಅದಕ್ಕೇ ಇಲ್ಲಿ ಮೌನವನ್ನೂ ಸದ್ದಿನಿಂದಲೇ ಕಟ್ಟಬೇಕು: ಫ್ರಿಜ್ಜಿನ ಗುಂಯ್‌ಗುಡುವಿಕೆ, ಗೋಡೆ ಗಡಿಯಾರ, ದೂರದ ನಾಯಿ. 1990ರಲ್ಲಿ ಅಮೆರಿಕದ ಟಿವಿಯಲ್ಲಿ ಬಂದ ‘ಟ್ವಿನ್ ಪೀಕ್ಸ್’ನಲ್ಲಿ ಮನೆಯ ಮಹಡಿ ಮೆಟ್ಟಿಲ ಮೇಲೆ ತಿರುಗುವ ಸೀಲಿಂಗ್ ಫ್ಯಾನನ್ನು ಸುಮ್ನೆ ತೋರಿಸುತ್ತಾರೆ. ಅಷ್ಟೇ. ಮುಂದೆ ಫ್ಯಾನ್ ಕಂಡಾಗೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನೋಡುವವನ ತಲೆಯ ಮೇಲೂ ಒಂದು ಫ್ಯಾನ್ ತಿರುಗುತ್ತಿರುತ್ತದಲ್ಲ! ಟಿವಿ ಆಫ್ ಮಾಡಿದರೂ ಅದು ನಿಲ್ಲುವುದಿಲ್ಲ. ಥಿಯೇಟರಿಗೆ ಈ ಅನುಕೂಲ ಇಲ್ಲ.

ಈಗ ನಿಮ್ಮ ಆ ಒಳ್ಳೆಯ ಸಾಲು. ಲೇಖನದ ಕೊನೆಯ ಹೊತ್ತಿಗೆ, ಬ್ರ್ಯಾಕೆಟ್ಟಿನೊಳಗೆ, ಸಂಕೋಚಪಟ್ಟುಕೊಂಡು ಬರೆದಂತಿದೆ: ‘ಅಜ್ಜಿ ಮನೆಯಲ್ಲಿ ಭೂತದ ಸೀರಿಯಲ್ ನೋಡುವಾಗ ಪಕ್ಕದ ಹುಳು ಮನೆಯಿಂದ ಸೊಪ್ಪು ತಿನ್ನುವ ಸದ್ದು ಬರುತ್ತಿತ್ತು. ಜಾಹೀರಾತು ಬಂದಾಗ ಅಮ್ಮ ಸೌಂಡ್ ಕಡಿಮೆ ಮಾಡಿದರೆ ಅದೇ ಜೋರಾಗುತ್ತಿತ್ತು.’

ಮೇಡಂ, ಇದನ್ನು ಯಾಕೆ ಬ್ರ್ಯಾಕೆಟ್ಟಿನಲ್ಲಿ ಇಟ್ಟಿರಿ? ರೇಷ್ಮೆ ಸೀಮೆಯವರಿಗೆ ಗೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ರೇಷ್ಮೆ ಹುಳು ಹಗಲು ರಾತ್ರಿ ತಿನ್ನುತ್ತದೆ. ತಟ್ಟೆ ತಟ್ಟೆ ತುಂಬ ಸಾವಿರಾರು ಹುಳು ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳಿಸುತ್ತದೆ. ಏರಿಳಿತವಿಲ್ಲ, ಮೊದಲಿಲ್ಲ, ಕೊನೆಯಿಲ್ಲ. ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಮರೆತೇಬಿಡುತ್ತದೆ. ಸೊಪ್ಪು ಮುಗಿದು ಸದ್ದು ತೆಳುವಾದಾಗಲೇ ಅದು ಇಷ್ಟು ಹೊತ್ತು ಇತ್ತು ಅಂತ ಹೊಳೆಯುವುದು. ಹಾರರ್ ಸೌಂಡ್ ಮಾಡುವವರು ಇದನ್ನೇ ಮಾಡುತ್ತಾರೆ. ಒಂದು ಸಮನಾದ ಸದ್ದನ್ನು ಹಾಸಿಡುತ್ತಾರೆ, ಜೀರುಂಡೆಯೋ, ಗಾಳಿಯೋ, ಯಾವುದೋ ಯಂತ್ರದ್ದೋ. ಕಿವಿ ಅದಕ್ಕೆ ಒಗ್ಗುವವರೆಗೆ ಕಾಯುತ್ತಾರೆ. ಆಮೇಲೆ ತೆಗೆದುಬಿಡುತ್ತಾರೆ. ಏನೂ ಸೇರಿಸದೆ, ಬರೀ ತೆಗೆದು ಹೆದರಿಸುವುದು. ನಿಮ್ಮ ಲೇಖನದಲ್ಲಿ ವಾಟರ್‌ಫೋನ್ ಎಂಬ ವಾದ್ಯದ ಬಗ್ಗೆ ಒಂದು ಇಡೀ ಪ್ಯಾರಾ ಇದೆ. ನೀವು ಅದನ್ನು ಕಂಡಿಲ್ಲ, ನುಡಿಸಿದ್ದನ್ನು ಎದುರಿಗೆ ಕೇಳಿಲ್ಲ ಅನ್ನುವುದು ಓದಿದರೆ ಗೊತ್ತಾಗುತ್ತದೆ. ಅದನ್ನು ತೆಗೆದು ಹುಳು ಮನೆಗೆ ಆ ಜಾಗ ಕೊಡಿ.

ಬೆಳಕಿಗೆ ಬರೋಣ. ‘ಕತ್ತಲೆ ಹೆಚ್ಚಿದಷ್ಟೂ ಭಯ ಹೆಚ್ಚುತ್ತದೆ’ ಅಂದಿದ್ದೀರಿ. ಟಿವಿಯಲ್ಲಿ ಕತ್ತಲೆ ಹೆಚ್ಚಿದಷ್ಟೂ ನೋಡುವವನಿಗೆ ಕಾಣುವುದು ಅವನದೇ ಬನಿಯನ್ನು. ಟ್ಯೂಬ್‌ಲೈಟ್, ಕಿಟಕಿ, ಹಿಂದಿನ ಕ್ಯಾಲೆಂಡರ್ ಎಲ್ಲ ಕಪ್ಪು ಪರದೆಯಲ್ಲಿ ಪ್ರತಿಫಲಿಸುತ್ತವೆ. ಅದೂ ಸಾಲದು ಅಂತ, ಪ್ರಸಾರಕ್ಕಾಗಿ ಚಿತ್ರದ ಡೇಟಾ ಕುಗ್ಗಿಸುವಾಗ ಮೊದಲು ಏಟು ಬೀಳುವುದು ಕತ್ತಲ ಭಾಗಕ್ಕೇ. ನುಣುಪಾಗಿರಬೇಕಾದ ನೆರಳು ಚೌಕ ಚೌಕವಾಗಿ ಒಡೆಯುತ್ತದೆ. 2019ರ ಏಪ್ರಿಲ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ರಾತ್ರಿ ಯುದ್ಧದ ಕಂತು ಬಂದಾಗ ಜಗತ್ತಿನಾದ್ಯಂತ ಜನ ‘ಏನೂ ಕಾಣಿಸ್ತಿಲ್ಲ’ ಅಂತ ಗಲಾಟೆ ಮಾಡಿದರು. ಅಷ್ಟು ದುಡ್ಡು, ಅಷ್ಟು ತಯಾರಿ ಇದ್ದ ಸರಣಿಗೇ ಹಾಗಾಯಿತು. ಅದರ ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ತಾನು ತೆಗೆದದ್ದು ಅಷ್ಟು ಕತ್ತಲಿರಲಿಲ್ಲ ಅಂತ ವಾದಿಸಿದರು. ಇಬ್ಬರದೂ ಸರಿಯೇ ಇರಬಹುದು. ಹೊರಟಾಗ ಸರಿಯಿದ್ದ ಕತ್ತಲೆ ಮನೆ ತಲುಪುವಷ್ಟರಲ್ಲಿ ಕೆಟ್ಟಿತ್ತು.

ಟಿವಿಯಲ್ಲಿ ಹೆದರಿಸುವುದು ಕತ್ತಲೆಯ ಪ್ರಮಾಣ ಅನ್ನುವುದಕ್ಕಿಂತ ಬೆಳಕು ಬರುವ ದಿಕ್ಕು. ನಮ್ಮ ಕಣ್ಣಿಗೆ ಬೆಳಕು ಮೇಲಿನಿಂದ ಬಂದು ಅಭ್ಯಾಸ, ಸೂರ್ಯನಿಂದ ಹಿಡಿದು ಬಲ್ಬಿನ ತನಕ. ಅದೇ ಬೆಳಕು ಗದ್ದದ ಕೆಳಗಿನಿಂದ ಬಂದರೆ ಪರಿಚಯದ ಮುಖವೂ ಅಪರಿಚಿತ ಆಗುತ್ತದೆ. ಇದು ನಾಟಕದವರಿಗೆ ಹಳೆಯ ವಿದ್ಯೆ. ಗುಬ್ಬಿ ಇಲ್ಲೇ ಪಕ್ಕದಲ್ಲಿದೆ, 1884ರಲ್ಲಿ ಶುರುವಾದ ನಾಟಕ ಕಂಪನಿಯ ಊರು. ರಂಗದ ಅಂಚಿನಲ್ಲಿ ನೆಲಮಟ್ಟಕ್ಕೆ ದೀಪ ಇಟ್ಟು ಆಡುತ್ತಿದ್ದ ನಾಟಕಗಳಲ್ಲಿ ರಾಕ್ಷಸ ಪಾತ್ರಕ್ಕೆ ಅರ್ಧ ಕೆಲಸವನ್ನು ದೀಪವೇ ಮಾಡುತ್ತಿತ್ತು ಅಂತ ಹಿರಿಯರು ಹೇಳುವುದುಂಟು. ಈ ಎಳೆ ನಿಮಗೆ ಬೇಕಿದ್ದರೆ ಹಿಡಿಯಿರಿ.

ಹಾಗೇ, ನಿಮ್ಮ ಲೇಖನದ ತುಂಬ ಮೇಣದಬತ್ತಿ. ಈಗ ಕರೆಂಟ್ ಹೋದರೆ ಯಾರು ಮೇಣದಬತ್ತಿ ಹುಡುಕುತ್ತಾರೆ? ಫೋನ್ ಟಾರ್ಚ್ ಹಾಕುತ್ತಾರೆ. ಅದರ ಬೆಳಕನ್ನು ಗಮನಿಸಿ. ಹಿಡಿದವಳು ಎಲ್ಲಿ ನೋಡುತ್ತಾಳೋ ಅಲ್ಲಿಗೆ ಮಾತ್ರ ಬೆಳಕು, ಅವಳ ಮುಖ ಕತ್ತಲಲ್ಲಿ. ಆದರೆ ಟಿವಿಗೆ ಮುಖ ಬೇಕೇ ಬೇಕು. ಅದಕ್ಕೆ ಸೆಟ್ಟಿನಲ್ಲಿ ಕ್ಯಾಮೆರಾ ಪಕ್ಕ ಒಂದು ಬಿಳಿ ಥರ್ಮಾಕೋಲ್ ಹಿಡಿಯುತ್ತಾರೆ. ಟಾರ್ಚ್ ಆ ಕಡೆ ತಿರುಗಿದಾಗ ಥರ್ಮಾಕೋಲಿಗೆ ತಾಗಿದ ಬೆಳಕು ಮೆತ್ತಗೆ ಅವಳ ಮುಖಕ್ಕೆ ಬಂದು ಹೋಗುತ್ತದೆ. ಒಂದು ಕ್ಷಣ ಕಣ್ಣು ಕಾಣುತ್ತವೆ, ಮತ್ತೆ ಇಲ್ಲ. ಬರೀ ಒಂದು ಥರ್ಮಾಕೋಲ್ ಹಾಳೆಯ ಕೆಲಸ ಅದು. ಇಂಥದ್ದು ಬರೆದರೆ ಓದುಗ ಮುಂದಿನ ಸಲ ಟಿವಿ ನೋಡುವಾಗ ನಿಮ್ಮನ್ನು ನೆನೆಸಿಕೊಳ್ಳುತ್ತಾನೆ. ‘ಛಾಯೆ ಮತ್ತು ಬೆಳಕಿನ ಅದ್ಭುತ ಸಂಯೋಜನೆ’ ಅಂತ ಬರೆದರೆ ಪುಟ ತಿರುಗಿಸುತ್ತಾನೆ.

ಇಲ್ಲೇ ಇನ್ನೊಂದು ಜಗಳ. ‘ಕನ್ನಡ ಧಾರಾವಾಹಿಗಳಿಗೆ ಬೆಳಕಿನ ಪ್ರಜ್ಞೆಯೇ ಇಲ್ಲ’ ಎಂಬ ನಿಮ್ಮ ತೀರ್ಪು. ಬೈಯಲು ಎಲ್ಲರಿಗೂ ಬರುತ್ತದೆ, ಕಾರಣ ಹುಡುಕಿದ್ದೀರಾ? ದಿನವೂ ಪ್ರಸಾರವಾಗುವ ಧಾರಾವಾಹಿಯಲ್ಲಿ ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡುತ್ತವೆ. ಯಾವ ಕ್ಯಾಮೆರಾದಿಂದ ನೋಡಿದರೂ ಮುಖ ಸರಿಯಾಗಿ ಕಾಣಬೇಕು, ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳಬಾರದು. ಹಾಗಾಗಿ ಎಲ್ಲ ಕಡೆಯಿಂದಲೂ ಸಮನಾಗಿ ಬೆಳಕು ಸುರಿಯುತ್ತಾರೆ. ಹಾರರ್‌ಗೆ ಬೇಕಾದದ್ದು ಇದರ ಉಲ್ಟಾ. ಒಂದೊಂದು ಶಾಟಿಗೂ ಬೆಳಕು ಕದಲಿಸಬೇಕು, ಕಟ್ಟರ್ ಎಂಬ ಕಪ್ಪು ಅಡ್ಡ ಹಲಗೆ ನಿಲ್ಲಿಸಿ ಬೇಡದ ಬೆಳಕನ್ನು ಕತ್ತರಿಸಬೇಕು. ಅಷ್ಟು ಹೊತ್ತು ಅವರಿಗೆಲ್ಲಿದೆ? ಸೆಟ್ಟಿನಲ್ಲಿ ಆಗದ ಕೆಲಸವನ್ನು ಎಡಿಟಿಂಗ್ ಮೇಜಿನ ಮೇಲೆ ಮಾಡುತ್ತಾರೆ. ಮುಖಕ್ಕೆ ಮೂರು ಸಲ ಝೂಮ್, ಮೂರು ಸಲ ಗುಡುಗು, ಬಣ್ಣ ನೀಲಿ. ನಾವು ನಗುವ ಆ ಮೂರು ಝೂಮಿನ ಹಿಂದೆ ಇರುವುದು ಗಡಿಯಾರ. ಇದನ್ನು ಬರೆದ ಮೇಲೂ ನಿಮಗೆ ಬೈಯಬೇಕು ಅನ್ನಿಸಿದರೆ ಬೈಯಿರಿ, ಹಾಕುತ್ತೇನೆ.

ಜಾಹೀರಾತಿನ ಬಗ್ಗೆ ಒಂದಕ್ಷರವಿಲ್ಲ ನಿಮ್ಮ ಲೇಖನದಲ್ಲಿ! ಗಂಟೆಗೆ 12 ನಿಮಿಷ ಮೀರಬಾರದು ಅಂತ ನಿಯಮ ಇದೆ. ಅಂದರೆ ಅರ್ಧ ಗಂಟೆಯಲ್ಲಿ ಕಥೆಗೆ ಸಿಗುವುದು 24 ನಿಮಿಷದ ಆಸುಪಾಸು, ಅದೂ ತುಂಡು ತುಂಡಾಗಿ. ಬಾಗಿಲು ಕಿರ್ ಅಂದ ತಕ್ಷಣ ಸೋಪಿನ ಜಾಹೀರಾತು. ಈ ಕಡಿತ ಉದ್ವೇಗವನ್ನು ಕೊಲ್ಲುತ್ತದಾ, ಬೆಳೆಸುತ್ತದಾ? ನನಗೆ ಎರಡೂ ಅನ್ನಿಸಿದ್ದುಂಟು. ನೀವು ಒಂದು ಕಂತು ಹಿಡಿದು ನೋಡಿ ಹೇಳಿ.

ಕ್ಯಾಮೆರಾ ಭಾಗದಲ್ಲಿ ಒಂದು ತಿದ್ದುಪಡಿ ಮೊದಲು. ನೆಟ್‌ಫ್ಲಿಕ್ಸ್‌ನಲ್ಲಿ 2018ರಲ್ಲಿ ಬಂದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ನ ಆರನೇ ಕಂತು ‘ಒಂದೇ ಶಾಟಿನಲ್ಲಿ ಚಿತ್ರಿತವಾಗಿದೆ’ ಅಂದಿದ್ದೀರಿ. ಅಲ್ಲ. ಐದು ಉದ್ದನೆಯ ಶಾಟುಗಳು ಅದರ ಬೆನ್ನೆಲುಬು. ತಂದೆಯ ಪಾತ್ರ ಶವ ಇಟ್ಟ ಮನೆಯ ಕಾರಿಡಾರಿನಲ್ಲಿ ನಡೆಯುತ್ತಾ ನಡೆಯುತ್ತಾ ಕಟ್ ಇಲ್ಲದೆ ಹಳೆಯ ಬಂಗಲೆಯೊಳಗೆ ಬಂದುಬಿಡುತ್ತಾನೆ, ಎರಡು ಸೆಟ್ಟುಗಳನ್ನು ಹಾಗೆ ಜೋಡಿಸಿ ಕಟ್ಟಿದ್ದರು. ಅದಿರಲಿ, ಉದ್ದ ಶಾಟಿಗೆ ಯಾಕೆ ಹೆದರುತ್ತೇವೆ ಅನ್ನುವುದು ನಿಮ್ಮಲ್ಲಿಲ್ಲ. ಕಟ್ ಆದಾಗ ನೋಡುವವನಿಗೆ ಒಂದು ಬಿಡುವು ಸಿಗುತ್ತದೆ, ಕಣ್ಣು ಹೊಸ ಜಾಗಕ್ಕೆ ಹೋಗುತ್ತದೆ. ಕಟ್ಟೇ ಬರದಿದ್ದರೆ ಅವನು ಫ್ರೇಮಿನ ಮೂಲೆಮೂಲೆ ಹುಡುಕಲು ಶುರು ಮಾಡುತ್ತಾನೆ. ಆ ಸರಣಿಯಲ್ಲಿ ಹಿನ್ನೆಲೆಯ ಕತ್ತಲಲ್ಲಿ ನಿಜವಾಗಿಯೂ ಆಕೃತಿಗಳನ್ನು ನಿಲ್ಲಿಸಿದ್ದರು, ಕ್ಯಾಮೆರಾ ಅವುಗಳ ಕಡೆ ತಿರುಗುವುದೇ ಇಲ್ಲ. 1992ರಲ್ಲಿ ಬಿಬಿಸಿಯ ‘ಘೋಸ್ಟ್‌ವಾಚ್’ ಇದೇ ಕೆಲಸ ಮಾಡಿತ್ತು, ನೇರಪ್ರಸಾರದ ವೇಷದಲ್ಲಿ. ಇದು ಪಕ್ಕಾ ಟಿವಿ ತಂತ್ರ. ಮನೆಯಲ್ಲಿ ಒಬ್ಬರು ‘ಕಿಟಕಿ ಪರದೆ ಹತ್ರ ಯಾರೋ ಇದ್ದರು’ ಅನ್ನುತ್ತಾರೆ, ಇನ್ನೊಬ್ಬರು ‘ಇಲ್ವಲ್ಲಾ’ ಅನ್ನುತ್ತಾರೆ. ಹೆದರಿಕೆ ಆ ಜಗಳದಲ್ಲಿ ಬೆಳೆಯುತ್ತದೆ.

‘ನಾಳೆ ಬಾ’ ಪ್ರಸ್ತಾಪ ಮಾಡಿದ್ದೀರಿ. ರಾತ್ರಿ ಪರಿಚಯದ ದನಿಯಲ್ಲಿ ಬಾಗಿಲ ಆಚೆಯಿಂದ ಕೂಗುವ ದೆವ್ವ, ಅದಕ್ಕಾಗಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದ ಜನ. ಮೂಢನಂಬಿಕೆ ಅಂತ ಬೈದು ಮುಂದೆ ಹೋಗಿದ್ದೀರಿ. ವಿಚಾರವಾದಿ ಎಚ್. ನರಸಿಂಹಯ್ಯನವರ ಜಿಲ್ಲೆಯವರು ನೀವು, ಬೈಯದಿದ್ದರೆ ತಪ್ಪಾಗುತ್ತಿತ್ತು. ಆದರೆ ಬೈದ ಮೇಲೆ ಅದನ್ನು ಒಂದು ದೃಶ್ಯವಾಗಿ ನೋಡಿ. ಕ್ಯಾಮೆರಾ ಎಲ್ಲಿಡುತ್ತೀರಿ? ಹೊರಗಿಟ್ಟರೆ ಕಥೆ ಮುಗಿಯಿತು, ಅಲ್ಲಿ ಯಾರಿದ್ದಾರೆ ಅಂತ ಗೊತ್ತಾಯಿತು. ಒಳಗಿಡಿ, ಚಿಲಕದ ಎತ್ತರಕ್ಕೆ. ಫ್ರೇಮಿನ ತುಂಬ ಬಾಗಿಲು, ಅಂಚಿನಲ್ಲಿ ಮಾತ್ರ ಹೆಂಗಸು. ಮೊದಲ ಸಲ ಬಾಗಿಲು ತಟ್ಟುವ ಸದ್ದು, ಜೊತೆಗೆ ಅವಳ ಹೆಸರು. ಎರಡನೇ ಸಲ ಹೆಸರು ಮಾತ್ರ, ತಟ್ಟುವ ಸದ್ದಿಲ್ಲ. ಮೂರನೇ ಸಲ ದನಿ ನೆಲದ ಹತ್ತಿರದಿಂದ ಬಂದಂತಿರಬೇಕು. ಈಗ ತೊಂದರೆ. ಥಿಯೇಟರಿನಲ್ಲಿ ಸುತ್ತಲಿನ ಸ್ಪೀಕರುಗಳಿಂದ ದಿಕ್ಕನ್ನು ಸ್ವಲ್ಪವಾದರೂ ತೋರಿಸಬಹುದು, ಮನೆ ಟಿವಿಯಲ್ಲಿ ಸದ್ದು ಮೇಲಿನದು ಯಾವುದು ಕೆಳಗಿನದು ಯಾವುದು ಅಂತ ಗೊತ್ತಾಗುವುದಿಲ್ಲ. ಏನು ಮಾಡುತ್ತೀರಿ? ನಟಿ ಕಣ್ಣು ಇಳಿಸಬೇಕು. ಬಾಗಿಲ ಮೇಲ್ಭಾಗದಿಂದ ನಿಧಾನವಾಗಿ ಹೊಸಿಲ ತನಕ. ಕ್ಯಾಮೆರಾ ಅಲುಗಬಾರದು. ಸ್ಪೀಕರ್ ಮಾಡಲಾಗದ್ದನ್ನು ಅವಳ ಕಣ್ಣು ಮಾಡುತ್ತದೆ, ನೋಡುವವನಿಗೆ ದನಿ ಕೆಳಗಿನಿಂದಲೇ ಕೇಳಿಸುತ್ತದೆ. ಕ್ಯಾಮೆರಾ, ಸದ್ದು, ಬೆಳಕು ಅಂತ ಮೂರು ಉಪಶೀರ್ಷಿಕೆ ಹಾಕಿ ಬೇರೆ ಬೇರೆ ಕೂಡಿಸಿದ್ದೀರಲ್ಲ, ಅದು ಯಾಕೆ ಸರಿಯಿಲ್ಲ ಅನ್ನುವುದಕ್ಕೂ ಇದೇ ಉತ್ತರ. ಒಂದು ಸೋತ ಕಡೆ ಇನ್ನೊಂದು ಎತ್ತಿ ಹಿಡಿಯುತ್ತದೆ.

ಭಾಷೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಪ್ರಸ್ತುತಪಡಿಸಲಾಗುತ್ತದೆ’, ‘ಮಹತ್ವದ ಪಾತ್ರ ವಹಿಸುತ್ತದೆ’ ಎಲ್ಲ ಕಡೆ ಇವೆ. ನೀವು ಮಾತಾಡುವ ಹಾಗೆ ಬರೆಯಿರಿ, ಬ್ರ್ಯಾಕೆಟ್ಟಿನ ಆ ಸಾಲಿನಲ್ಲಿ ಹಾಗೇ ಬರೆದಿದ್ದೀರಿ. ಡಚ್ ಆಂಗಲ್, ಡಾಲಿ ಝೂಮ್ ಮುಂತಾದ ಕ್ಯಾಮೆರಾ ತಂತ್ರಗಳ ಹೆಸರಿನ ಪಟ್ಟಿ ಬೇಡ. ಲೇಖನಕ್ಕೆ ನಿಜವಾಗಿ ಬೇಕಾದ ಒಂದೋ ಎರಡೋ ಉಳಿದರೆ ಸಾಕು.

ಈಗ ಮಾಡಬೇಕಾದ್ದು. ನಿಮ್ಮನ್ನು ನಿಜವಾಗಿ ಹೆದರಿಸಿದ ಒಂದೇ ಕಂತು ಆರಿಸಿಕೊಳ್ಳಿ, ಕನ್ನಡದ್ದಾದರೆ ಇನ್ನೂ ಒಳ್ಳೆಯದು. ಒಮ್ಮೆ ಸೌಂಡ್ ಮ್ಯೂಟ್ ಮಾಡಿ ನೋಡಿ. ಒಮ್ಮೆ ಟಿವಿಗೆ ಬೆನ್ನು ಹಾಕಿ, ಬರೀ ಕೇಳಿ. ಒಮ್ಮೆ ಮನೆಯವರೆಲ್ಲ ಓಡಾಡುವ ಹೊತ್ತಲ್ಲಿ, ಲೈಟ್ ಹಾಕಿಕೊಂಡು ನೋಡಿ. ಎಲ್ಲಿ ಮೈ ಜುಮ್ ಅಂತು, ಎಲ್ಲಿ ಆಕಳಿಕೆ ಬಂತು, ಬರೆದುಕೊಳ್ಳಿ. ಅಮ್ಮ ಯಾವ ಸದ್ದಿಗೆ ಅಡುಗೆಮನೆಯಿಂದ ಇಣುಕಿದರು ಅಂತಲೂ ಬರೆದುಕೊಳ್ಳಿ.

1,500 ಪದ ಮೀರಬಾರದು, ಈಗ ಅದರ ದುಪ್ಪಟ್ಟಿದೆ. ಫೈಲನ್ನು ಯೂನಿಕೋಡ್‌ನಲ್ಲಿ ಕಳಿಸಿ. ‘ನುಡಿ’ ತಂತ್ರಾಂಶದಿಂದ ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಎಡವಟ್ಟಾಗಿ ‘ದೆವ್ವ’ ಎಲ್ಲ ಕಡೆ ‘ದೆವ’ ಆಗಿದೆ. ಓದುವಾಗ ದೇವರ ಬಗ್ಗೆಯೋ ದೆವ್ವದ ಬಗ್ಗೆಯೋ ಅಂತ ನಮ್ಮ ಕರಡು ತಿದ್ದುವವರು ಬಂದು ಕೇಳಿದರು. ಹಳೆಯ ಫೋನ್ ನಂಬರಿಗೇ ವಾಟ್ಸಾಪ್ ಮಾಡಿದರೂ ನಡೆಯುತ್ತದೆ.

ಇಂತಿ,
ಸಂಪಾದಕ
ತುಮಕೂರು